ರಟ್ಟೆ ನೋವಿನ ಬೇರು ಹೆಗಲಲ್ಲಿ: ಏಳದ ಕೈಯೊಂದಿಗೆ ದಿನ ಕಳೆಯುವುದು ಹೇಗೆ?

ಅಡಿಕೆ ಕೊಯ್ಲು ಮುಗಿದ ವಾರ ನೀರ್ಚಾಲಿನಲ್ಲಿರುವ ನಮ್ಮ ದೊಡ್ಡಪ್ಪನಿಗೆ ಅಂಗಿ ತೊಡುವುದೇ ಒಂದು ಸಾಹಸವಾಯಿತು. ಎಡಗೈ ಸಲೀಸಾಗಿ ಒಳಗೆ ಹೋಯಿತು. ಬಲಗೈಯನ್ನು ಹಿಂದಕ್ಕೆ ಒಯ್ಯುವಾಗ ಮುಖ ಕಿವುಚಿ ಅಲ್ಲೇ ನಿಂತರು. ನೋವು ಎಲ್ಲಿ ಎಂದರೆ ರಟ್ಟೆ ತೋರಿಸುತ್ತಾರೆ, ಹೆಗಲನ್ನಲ್ಲ. ‘ವಾಯು ಇರಬೇಕು’ ಎಂದು ಹದಿನೈದು ದಿನ ರಟ್ಟೆಗೇ ಎಣ್ಣೆ ತಿಕ್ಕಿದ್ದೂ ಆಯಿತು.

ತಪ್ಪು ಅವರದಲ್ಲ. ಹೆಗಲಿನ ಸ್ನಾಯುರಜ್ಜು ಸವೆದರೆ ನೋವು ಕಾಣಿಸಿಕೊಳ್ಳುವುದು ಹೆಚ್ಚಾಗಿ ರಟ್ಟೆಯ ಹೊರಬದಿಯಲ್ಲೇ. ಸ್ನಾಯುವನ್ನು ಎಲುಬಿಗೆ ಬಿಗಿಯುವ ಗಟ್ಟಿ ನಾರಿನ ಪಟ್ಟಿಯೇ ಸ್ನಾಯುರಜ್ಜು. ತೋಳಿನ ಎಲುಬಿನ ಗುಂಡು ದೊಡ್ಡದು, ಅದು ಕೂರುವ ಗುಳಿ ತೀರಾ ಚಿಕ್ಕದು. ಸಣ್ಣ ತಟ್ಟೆಯ ಮೇಲೆ ತೆಂಗಿನಕಾಯಿ ಇಟ್ಟ ಹಾಗೆ. ಕೈ ಆಡುವಾಗ ಗುಂಡು ಜಾರದಂತೆ ನಾಲ್ಕು ಸ್ನಾಯುಗಳ ರಜ್ಜುಗಳು ಸುತ್ತಲೂ ಹಿಡಿದಿರುತ್ತವೆ. ಇದನ್ನೇ ವೈದ್ಯರು ರೊಟೇಟರ್ ಕಫ್ ಎನ್ನುವುದು. ನಾಲ್ಕರಲ್ಲಿ ಹೆಚ್ಚು ಏಟು ತಿನ್ನುವುದು ಮೇಲ್ಭಾಗದ ಸುಪ್ರಾಸ್ಪೈನೇಟಸ್. ಹೆಗಲೆಲುಬಿನ ಚಾಚು ಅದರ ಮೇಲೇ ಇದೆ. ಬಾವಿಯ ಹಗ್ಗ ರಾಟೆಗೆ ಉಜ್ಜುವ ಜಾಗದಲ್ಲಿ ನಾರು ಏಳುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಯಸ್ಸಾದಂತೆ ನಾರು ತಾನಾಗಿಯೂ ಸಡಿಲವಾಗುತ್ತದೆ. ಅದರ ಮೇಲೆ ತಲೆ ಎತ್ತಿ ದೋಟಿ ಹಿಡಿಯುವ ಕೆಲಸ, ಇಲ್ಲವೇ ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಕೈಯೂರಿ ಬೀಳುವುದು.

ಮೊದಲು ಇಷ್ಟು ನೋಡಿ

ಕೈಯನ್ನು ಪಕ್ಕದಿಂದ ನಿಧಾನವಾಗಿ ಮೇಲೆತ್ತಿ. ಸುಮಾರು 60ರಿಂದ 120 ಡಿಗ್ರಿಯ ನಡುವೆ ನೋವು ಚುಚ್ಚಿ, ಮೇಲೆ ಹೋದ ಮೇಲೆ ಕಡಿಮೆಯಾದರೆ ರಜ್ಜುವಿನ ಮೇಲೆ ಅನುಮಾನ ಪಡಬಹುದು. ಕೈ ಏಳುವುದೇ ಇಲ್ಲವಾದರೆ ಮನೆಯವರೊಬ್ಬರು ಮೊಣಕೈ ಹಿಡಿದು ಮೆಲ್ಲನೆ ಎತ್ತಲಿ. ಬಲವಂತ ಬೇಡ. ತಾನಾಗಿ ಏಳದ ಕೈ ಬೇರೆಯವರು ಎತ್ತಿದಾಗ ಎದ್ದರೆ ರಜ್ಜು ಹರಿದಿರುವ ಸಾಧ್ಯತೆ ಹೆಚ್ಚು. ಯಾರು ಎತ್ತಿದರೂ ಏಳದೆ ಬಿಗಿದು ನಿಂತರೆ ಅದು ಕೀಲೇ ಬಿಗಿಯುವ ‘ಫ್ರೋಜನ್ ಶೋಲ್ಡರ್’ ಇರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಇದು ಮನೆಯ ಅಂದಾಜು ಮಾತ್ರ, ತೀರ್ಪು ವೈದ್ಯರದು.

ಎಡ ಹೆಗಲಿನ ನೋವಿನ ಜತೆ ಎದೆ ಹಿಡಿತ, ಬೆವರು, ಏದುಸಿರು ಇದ್ದರೆ ಈ ಪರೀಕ್ಷೆಗಳೆಲ್ಲ ಬೇಡ, ತಕ್ಷಣ ಆಸ್ಪತ್ರೆಗೆ ಹೊರಡಿ. ಬಿದ್ದ ದಿನದಿಂದಲೇ ಕೈ ಏಳದಿದ್ದರೂ ತಡಮಾಡಬಾರದು. ಪೂರ್ತಿ ಹರಿದ ರಜ್ಜುವನ್ನು ತಿಂಗಳುಗಟ್ಟಲೆ ಬಿಟ್ಟರೆ ಸ್ನಾಯು ಸೊರಗುತ್ತದೆ, ಮತ್ತೆ ಹೊಲಿಯುವುದು ಕಷ್ಟವಾಗುತ್ತದೆ.

ಬೆಳಗಿನಿಂದ ರಾತ್ರಿಯವರೆಗೆ

ಒಂದೇ ಸೂತ್ರ ನೆನಪಿಡಿ: ಮೊಣಕೈ ಪಕ್ಕೆಯ ಹತ್ತಿರವೇ ಇರಲಿ. ಕೈ ದೂರ ಚಾಚಿದಷ್ಟೂ ಹೆಗಲಿನ ಮೇಲೆ ಭಾರ ಹೆಚ್ಚು. ಅಂಗಿ ತೊಡುವಾಗ ನೋಯುವ ಕೈ ಮೊದಲು ಒಳಗೆ ಹೋಗಲಿ, ಕಳಚುವಾಗ ಕೊನೆಗೆ ಹೊರಬರಲಿ. ದೊಡ್ಡಪ್ಪ ಇದನ್ನು ತಿರುವುಮುರುವು ಮಾಡುತ್ತಿದ್ದರು. ಕ್ರಮ ಬದಲಿಸಿದ ದಿನವೇ ಅರ್ಧ ರಗಳೆ ಮುಗಿಯಿತು. ಬೆನ್ನು ಒರೆಸಲು ಬೈರಾಸನ್ನು ಹಿಂದಕ್ಕೆ ಹಾಕಿ ಎಳೆದಾಡುವುದು ಬೇಡ. ತಲೆ ಬಾಚುವಾಗ ಮೊಣಕೈಯನ್ನು ಮೇಜಿಗೆ ಊರಿ, ತಲೆಯನ್ನೇ ಕೈಯತ್ತ ಬಾಗಿಸಿ.

ಅಡುಗೆಮನೆಯಲ್ಲಿ ದಿನಬಳಕೆಯ ಡಬ್ಬಿಗಳೆಲ್ಲ ಸೊಂಟ ಮತ್ತು ಎದೆಯ ನಡುವಿನ ಎತ್ತರಕ್ಕೆ ಇಳಿಯಲಿ. ಉಪ್ಪಿನಕಾಯಿ ಭರಣಿಯನ್ನು ಅಟ್ಟದಿಂದ ಇಳಿಸುವುದು ಎಪ್ಪತ್ತರ ಅಜ್ಜಿಯ ಕೆಲಸವಲ್ಲ. ಆದರೂ ಹೆಚ್ಚಿನ ಮನೆಗಳಲ್ಲಿ ಅದನ್ನು ಮಾಡುವುದು ಅವರೇ. ಬಾವಿಯಿಂದ ನೀರು ಸೇದಲೇಬೇಕಾದರೆ ಕೊಡಪಾನ ಚಿಕ್ಕದಿರಲಿ, ಹಗ್ಗವನ್ನು ತಲೆಯ ಮೇಲಿನಿಂದ ಎಳೆಯದೆ ಎದೆಯ ಮಟ್ಟದಲ್ಲಿ ಹಿಡಿದು ಗಿಡ್ಡ ಗಿಡ್ಡ ಎಳೆತಗಳಲ್ಲಿ ಸೇದಿ. ನೆಲದಿಂದ ಏಳುವಾಗ ಒಳ್ಳೆಯ ಕೈಯನ್ನೇ ಊರಿ. ಮಂಗಳೂರಿನ ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಮೇಲಿನ ಸರಳಿಗೆ ಜೋತುಬೀಳಬೇಡಿ. ನೆಟ್ಟಗಿರುವ ಕಂಬವನ್ನೋ ಸೀಟಿನ ಬೆನ್ನನ್ನೋ ಹಿಡಿಯಿರಿ. ಒಂದು ಬ್ರೇಕಿಗೆ ಹೆಗಲು ಜಗ್ಗಿಹೋಗುತ್ತದೆ.

ಹೆಚ್ಚಿನವರನ್ನು ಸೋಲಿಸುವುದು ರಾತ್ರಿ. ನೋಯುವ ಬದಿಗೆ ಮಲಗಬೇಡಿ. ಅಂಗಾತ ಮಲಗಿದರೆ ಮೊಣಕೈಯ ಅಡಿಗೆ ಮಡಚಿದ ಬಟ್ಟೆ ಇಡಿ, ಮಗ್ಗುಲಾದರೆ ಎದೆಯ ಮುಂದೆ ತಲೆದಿಂಬು ಇಟ್ಟು ಕೈಯನ್ನು ಅದರ ಮೇಲೆ ಹಾಕಿ.

ರಾಟೆ ಮತ್ತು ಗೋಡೆ

ನೋಯುತ್ತದೆಂದು ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತರೆ ಕೀಲು ಬಿಗಿಯುತ್ತದೆ. ಮೊದಲ ವ್ಯಾಯಾಮ ಸುಲಭ: ಒಳ್ಳೆಯ ಕೈಯನ್ನು ಮೇಜಿಗೆ ಊರಿ ಬಾಗಿ, ಇನ್ನೊಂದನ್ನು ಜೋಲುಬಿಡಿ, ಮೈಯನ್ನು ತೂಗಿ ಕೈ ಸಣ್ಣ ಸುತ್ತು ತಿರುಗುವಂತೆ ಮಾಡಿ. ಒಂದೆರಡು ನಿಮಿಷ, ದಿನಕ್ಕೆ ಎರಡು ಮೂರು ಬಾರಿ. ಆಮೇಲೆ ಗೋಡೆಗೆ ಮುಖಮಾಡಿ ನಿಂತು ಬೆರಳುಗಳನ್ನು ಮೇಲಕ್ಕೆ ‘ನಡೆಸಿ’, ನೋವು ಶುರುವಾದಲ್ಲಿ ನಿಲ್ಲಿಸಿ. ದೊಡ್ಡಪ್ಪ ಆ ಜಾಗದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆಯುತ್ತಾರೆ. ಗೋಡೆ ಹಾಳಾಯಿತೆಂದು ದೊಡ್ಡಮ್ಮನಿಗೆ ಸಿಟ್ಟು. ಗೆರೆ ಮಾತ್ರ ಕ್ಯಾಲೆಂಡರಿನ ಮೊಳೆಯವರೆಗೆ ಬಂದಿದೆ.

ಹೆಗಲನ್ನು ಸವೆಸಿದ ರಾಟೆಯೇ ಇಲ್ಲಿ ನೆರವಿಗೂ ಬರುತ್ತದೆ. ಗಟ್ಟಿ ತೊಲೆಗೆ ಸಣ್ಣ ರಾಟೆ ಕಟ್ಟಿ, ಹಗ್ಗದ ಒಂದು ತುದಿಯನ್ನು ನೋಯುವ ಕೈಯಲ್ಲಿ ಹಿಡಿದು, ಒಳ್ಳೆಯ ಕೈಯಿಂದ ಇನ್ನೊಂದು ತುದಿಯನ್ನು ಮೆಲ್ಲನೆ ಎಳೆಯಿರಿ. ಶಸ್ತ್ರಚಿಕಿತ್ಸೆಯಾದವರು ವೈದ್ಯರ ಅಪ್ಪಣೆಯಿಲ್ಲದೆ ಇದನ್ನು ಮುಟ್ಟಬಾರದು. ವ್ಯಾಯಾಮದ ನೋವು ಮರುದಿನ ಬೆಳಗ್ಗೆಯೂ ಹಾಗೇ ಇದ್ದರೆ ಅರ್ಧಕ್ಕೆ ಇಳಿಸಿ. ಫಲ ಕಾಣಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ಎಣ್ಣೆ, ಬಿಸಿ ಶಾಖ ಹಿತವಾದರೆ ಇರಲಿ. ‘ಉಳುಕು ತೆಗೆಯುತ್ತೇನೆ’ ಎಂದು ಕೈ ಜಗ್ಗುವವರಿಂದ ದೂರವಿರಿ.

ವೈದ್ಯರ ಮುಂದೆ

ಕಾಸರಗೋಡಿನಲ್ಲಿ ನಮಗೊಂದು ಭಾಷೆಯ ಗೊಂದಲವೂ ಉಂಟು. ಕನ್ನಡದ ತೋಳು ಇಡೀ ಕೈ, ಮಲಯಾಳದ ‘ತೋಳ್’ ಎಂದರೆ ಹೆಗಲು. ‘ತೋಳು ನೋವು’ ಎಂದರೆ ಅಲ್ಲಿನವರು ಹೆಗಲನ್ನೇ ಮುಟ್ಟಿ ನೋಡುತ್ತಾರೆ. ಈ ರೋಗದ ಮಟ್ಟಿಗೆ ಆ ತಪ್ಪು ತಿಳಿವಳಿಕೆಯೇ ಸರಿ. ಆದರೂ ಮಾತಿಗಿಂತ ಬೆರಳಿನಿಂದ ತೋರಿಸುವುದು ಉತ್ತಮ. ಯಾವ ಕೆಲಸ ಆಗುತ್ತಿಲ್ಲ, ಯಾವಾಗಿನಿಂದ, ರಾತ್ರಿ ನಿದ್ದೆ ಕೆಡುತ್ತದೆಯೇ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಎಕ್ಸ್‌ರೇಯಲ್ಲಿ ರಜ್ಜು ಕಾಣುವುದಿಲ್ಲ. ಅದಕ್ಕೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು. ವರದಿಯಲ್ಲಿ ‘ಹರಿದಿದೆ’ ಎಂದು ಓದಿ ಹೌಹಾರಬೇಡಿ. ನೋವೇ ಇಲ್ಲದ ಎಷ್ಟೋ ವೃದ್ಧರ ಹೆಗಲಿನಲ್ಲೂ ಹರಿದ ರಜ್ಜು ಇರುತ್ತದೆ. ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವುದಾದರೆ ಸಕ್ಕರೆ ಕಾಯಿಲೆ ಇರುವುದನ್ನು ಮೊದಲೇ ಹೇಳಿ, ಕೆಲವು ದಿನ ಸಕ್ಕರೆ ಏರಬಹುದು. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ನೋವಿನ ಗುಳಿಗೆಯನ್ನು ತಾವಾಗಿಯೇ ಅಂಗಡಿಯಿಂದ ತಂದು ನುಂಗಬಾರದು. ಶಸ್ತ್ರಚಿಕಿತ್ಸೆಯೇ ಆಗಬೇಕೆಂದರೆ 4ರಿಂದ 6 ವಾರ ಕೈ ಜೋಳಿಗೆಯಲ್ಲಿರುತ್ತದೆ, ಪೂರ್ತಿ ಬಲ ಬರಲು ಆರು ತಿಂಗಳೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಮುಂದಿನ ಕೊಯ್ಲಿಗೆ ದೋಟಿ ಹಿಡಿಯುವವರು ಯಾರೆಂದು ಮನೆಯಲ್ಲಿ ಮಾತಾಡಿಕೊಂಡ ಮೇಲೆಯೇ ದಿನ ಗೊತ್ತು ಮಾಡಿ.