ಕಥೆ ಹೇಳಿಕೊಂಡು ಓಡಿದೆವು, ಟೈಮಿಂಗ್ ಇಳಿಯಿತು

ಐವತ್ತೈದು ದಾಟಿದ ಮೇಲೆ ಹತ್ತು ಸಾವಿರ ಮೀಟರ್‌ನಲ್ಲಿ ಟೈಮಿಂಗ್ ಇಳಿಯೋದಿಲ್ಲ, ಇರೋದನ್ನು ಉಳಿಸಿಕೊಂಡರೆ ಅದೇ ದೊಡ್ಡದು. ಚಿಕ್ಕಮಗಳೂರಿನ ಜಿಲ್ಲಾ ಆಟದ ಮೈದಾನಕ್ಕೆ ಬೆಳಿಗ್ಗೆ ಬರುವ ಹಳೇ ಓಟಗಾರರೆಲ್ಲ ಹೀಗೇ ಹೇಳುತ್ತಿದ್ದರು. ಎರಡು ಸೀಸನ್ ಹಿಂದೆ ನನ್ನದು 52 ನಿಮಿಷದ ಆಸುಪಾಸು ಇತ್ತು. ಈ ಸಲ 47ಕ್ಕೆ ಸ್ವಲ್ಪ ಮೇಲೆ. ರೋಡ್ ರೇಸ್ ಅಲ್ಲ, ಟ್ರ್ಯಾಕ್ ಮೇಲೆ 25 ಸುತ್ತು, ಬೇರೆಯವರ ಕೈಯಲ್ಲಿ ಸ್ಟಾಪ್‌ವಾಚ್. ಜಿಪಿಎಸ್ ಸುಳ್ಳು ಹೇಳಿತು ಅನ್ನೋ ಹಾಗಿಲ್ಲ.

ನಾವು ಕಥೆ ಹೇಳಿಕೊಂಡು ಓಡೋದನ್ನು ನೋಡಿ ನಕ್ಕವರೇ ಜಾಸ್ತಿ. "ಹರಟೆ ಹೊಡೆಯೋಕೆ ಕಟ್ಟೆ ಇಲ್ವಾ, ಶೂ ಯಾಕೆ ಸವೆಸ್ತೀರಿ ಮಾರಾಯ್ರೆ?" ಅಂತ ಕೇಳಿದವರಿದ್ದಾರೆ. ಅವರಲ್ಲೇ ಇಬ್ಬರು ಈಗ ನಮ್ಮ ರೂಟ್ ಯಾವುದು ಅಂತ ವಿಚಾರಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ನಾಲ್ಕು ಜನ. ನಾನು ಸಹಕಾರ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನು. ಇನ್ನೊಬ್ಬರು ಕೆಎಸ್‌ಆರ್‌ಟಿಸಿಯಲ್ಲಿ ಬಸ್ ಓಡಿಸಿ ನಿವೃತ್ತರಾದವರು, ನಮಗೆಲ್ಲ ಡ್ರೈವರಣ್ಣ. ಮೂರನೆಯವರು ಕಾಫಿ ಎಸ್ಟೇಟಿನಲ್ಲಿ ರೈಟರು, ಅಂದರೆ ಲೆಕ್ಕ ಬರೆಯುವವರು. ನಾಲ್ಕನೆಯವರು ಪಿಟಿ ಮೇಷ್ಟ್ರು. ಮೇಷ್ಟ್ರಿಗೂ ನನಗೂ ಕಾಲೇಜಿನ ಕಾಲದಿಂದ ಮಾತಿರಲಿಲ್ಲ. ಅದು ಮುಂದೆ ಬರುತ್ತದೆ.

ಮೊದಲು ಕೈ ಸುಟ್ಟುಕೊಂಡ ಲೆಕ್ಕ. ಕ್ಯಾಷಿಯರ್ ಬುದ್ಧಿ, ಏನು ಮಾಡೋದು.

ಬೆಂಗಳೂರಿನ ಒಬ್ಬ ಕೋಚ್ ಹತ್ತಿರ ಆನ್‌ಲೈನ್ ಪ್ಲಾನ್ ತಗೊಂಡಿದ್ದೆ. ತಿಂಗಳಿಗೆ ಮೂರು ಸಾವಿರದ ಹತ್ತಿರ. ಮಂಗಳವಾರ ಇಂಟರ್ವಲ್ (ಜೋರಾಗಿ ಓಡಿ, ಸುಧಾರಿಸಿಕೊಂಡು, ಮತ್ತೆ ಓಡೋದು), ಗುರುವಾರ ಟೆಂಪೊ (ಒಂದೇ ಸಮನೆ ಬಿರುಸಿನ ಓಟ), ಭಾನುವಾರ ಲಾಂಗ್ ರನ್. ಎರಡನೇ ತಿಂಗಳಿಗೆ ಮೀನಖಂಡ ಹಿಡಿಯಿತು, ಅದು ಬಿಡುವಷ್ಟರಲ್ಲಿ ಹಿಮ್ಮಡಿ. ಫಿಸಿಯೋ ಹತ್ತಿರ ಒಂದು ಸಲ ಮಲಗಿ ಎದ್ದರೆ ಐನೂರು. ಎಲ್ಲ ಸೇರಿ ಎಂಟೊಂಬತ್ತು ಸಾವಿರ ಹೋಯಿತು. ಆಮೇಲೆ ಗೊತ್ತಾಯಿತು, ಅದೇ ಪ್ಲಾನನ್ನು ನಮ್ಮೂರಿನ ಮೂವತ್ತರ ಹುಡುಗನಿಗೂ ಕಳಿಸಿದ್ದರು. ಒಂದಕ್ಷರ ಬದಲಿಲ್ಲ.

ಕಾರ್ಬನ್ ಪ್ಲೇಟ್ ಶೂ ಹದಿನೆಂಟು ಸಾವಿರದ್ದು, ಮಗ ಕೊಡಿಸಿದ. ಟ್ರ್ಯಾಕ್ ಮೇಲೆ ಚೆನ್ನಾಗಿ ಪುಟಿಯುತ್ತದೆ, ಕೈಮರದ ರಸ್ತೆ ಅಂಚಿನ ಜಲ್ಲಿಯ ಮೇಲೆ ಪಾದ ಹೊರಳುತ್ತದೆ. ಮಗಳ ಮದುವೆಯಲ್ಲಿ ಊಟ ಬಡಿಸಲು ಹಾಕಿಕೊಂಡಿದ್ದೆ, ಅದಕ್ಕೆ ಬಹಳ ಆರಾಮಾಗಿತ್ತು.

ಆಮೇಲೆ 180ರಲ್ಲಿ ವಯಸ್ಸು ಕಳೆದು, ಓಡುವಾಗ ಎದೆಬಡಿತ ನಿಮಿಷಕ್ಕೆ ಅಷ್ಟನ್ನು ದಾಟದ ಹಾಗೆ ನೋಡಿಕೊಳ್ಳುವ ಲೆಕ್ಕ. ನನಗೆ 123 ದಾಟಬಾರದು ಅಂತ ಬಂತು. ಎದೆಗೆ ಕಟ್ಟುವ ಬೆಲ್ಟಿಗೆ ಐದು ಸಾವಿರ ಕೊಟ್ಟೆ. ಜೂನ್ ಮಳೆಯಲ್ಲಿ ಅದು ಒಂದು ಗಳಿಗೆ 90 ತೋರಿಸುತ್ತದೆ, ಇನ್ನೊಂದು ಗಳಿಗೆ 190. ಏರು ಸಿಕ್ಕಲ್ಲೆಲ್ಲ ವಾಚು ಕೀ ಕೀ ಅಂತ ಬಡಿದುಕೊಳ್ಳುತ್ತದೆ. ಇಲ್ಲಿ ಏರಿಲ್ಲದ ರಸ್ತೆ ಎಲ್ಲಿದೆ?

ಒಂದು ದಿನ ಡ್ರೈವರಣ್ಣ ನನ್ನ ವಾಚು ನೋಡಿ, "ನಮ್ಮ ಬಸ್ಸಿನ ಮೀಟರೂ ಹೀಗೇ ಸತ್ತಿರ್ತಿತ್ತು. ಇಂಜಿನ್ ಸದ್ದು ಕೇಳಿ ಗೇರ್ ಹಾಕ್ತಿದ್ವಿ. ನೀವು ಮಾತಾಡ್ರಿ, ನಿಮ್ಮ ಸದ್ದು ನಾನು ಕೇಳ್ತೀನಿ" ಅಂದರು. ಶುರುವಾಗಿದ್ದು ಹಾಗೆ.

ಮಾತಾಡಲು ಬರುವಷ್ಟು ನಿಧಾನ ಓಡಬೇಕು ಅನ್ನೋದು ಎಲ್ಲರಿಗೂ ಗೊತ್ತು. ಆದರೆ "ಹೂಂ", "ಹೌದಾ" ಅಂತ ಒಂದೊಂದು ಮಾತಾಡಿ ಪಾಸಾಗಿಬಿಡುತ್ತೇವೆ. ನಾವು ಮಾಡಿದ ಬದಲಾವಣೆ ಇಷ್ಟೇ. ಒಂದು ಓಟಕ್ಕೆ ಒಬ್ಬರು. ಅವರು ತಮ್ಮ ಬದುಕಿನ ಒಂದು ಭಾಗವನ್ನು ಶುರುವಿನಿಂದ ಕೊನೆವರೆಗೆ ಹೇಳಬೇಕು. ಉಳಿದವರ ಕೆಲಸ ಕಿವಿಗೊಡೋದು. ಉಸಿರು ವಾಕ್ಯದ ಮಧ್ಯೆ ತಗೊಂಡರೆ ಪರವಾಗಿಲ್ಲ. ಪದದ ಮಧ್ಯೆ ತಗೊಂಡರೆ ಎಲ್ಲರೂ ನಿಧಾನ ಮಾಡಬೇಕು. ವಾಚು ಜೇಬಿನಲ್ಲಿ. ವಾರಕ್ಕೆ ಎರಡು ಓಟ ಹೀಗೆ, ಒಂದೂವರೆ ಗಂಟೆಯಿಂದ ಎರಡು ಗಂಟೆ. ಉಳಿದ ದಿನ ಅವರವರ ಪಾಡಿಗೆ ಸಣ್ಣ ಓಟ.

ಹೇಳುವವರು ಎಲ್ಲಿ ಓಡಬೇಕು ಅನ್ನೋದೇ ಸ್ವಲ್ಪ ತಲೆನೋವಾಯಿತು. ಮುಂದೆ ಓಡಿದರೆ ಹಿಂದಿನವರಿಗೆ ಕೇಳಿಸಲ್ಲ. ಹಿಂದೆ ಓಡಿದರೆ ಮುಂದಿನವರು ಕತ್ತು ತಿರುಗಿಸಿ ಎಡವುತ್ತಾರೆ. ಇಬ್ಬರು ಮುಂದೆ, ಇಬ್ಬರು ಹಿಂದೆ, ಹೇಳುವವರು ಹಿಂದಿನ ಸಾಲಿನಲ್ಲಿ ರಸ್ತೆಯ ಅಂಚಿಗೆ. ಇದು ಸರಿಹೋಯಿತು. ಮಳೆಗಾಲದಲ್ಲಿ ರೇನ್‌ಕೋಟಿನ ಟೋಪಿ ಪರಪರ ಅಂದು ಏನೂ ಕೇಳಿಸಲ್ಲ, ಹಾಗಾಗಿ ಬರೀ ಕ್ಯಾಪ್. ಶನಿವಾರ ಭಾನುವಾರ ಮುಳ್ಳಯ್ಯನಗಿರಿಗೆ ಹೋಗುವ ಕಾರುಗಳ ಕಾಟ, ಆ ದಿನ ಎಸ್ಟೇಟಿನ ಒಳದಾರಿ. ರೈಟರಿಗೆ ಎಲ್ಲ ಗೇಟೂ ಗೊತ್ತು.

ಮೊದಲ ಕಥೆ ಡ್ರೈವರಣ್ಣನದು. ಧರ್ಮಸ್ಥಳದ ಕಡೆ ರೂಟ್, ಚಾರ್ಮಾಡಿ ಘಾಟಿ. ನೈಟ್ ಹಾಲ್ಟ್ ಆದ ಊರಿನಲ್ಲಿ ನಾಲ್ಕಕ್ಕೆ ಎದ್ದು, ಖಾಕಿ ಪ್ಯಾಂಟು ಸೀಟಿನ ಮೇಲೆ ಮಡಚಿಟ್ಟು, ಕ್ಯಾನ್ವಾಸ್ ಶೂನಲ್ಲಿ ಓಡಿ ಬಂದು ಮೊದಲ ಟ್ರಿಪ್ ತೆಗೆಯುತ್ತಿದ್ದರು. ಅವರ ಕಂಡಕ್ಟರು ಬಸ್ಸಿನ ಮೆಟ್ಟಿಲ ಮೇಲೆ ಕೂತು ಎಚ್‌ಎಂಟಿ ವಾಚಿನಲ್ಲಿ ಟೈಮ್ ನೋಡಿ, ಟಿಕೆಟ್ ಲೆಕ್ಕ ಬರೆಯುವ ಹಾಳೆಯ ಹಿಂದೆ ಗೀಚಿಡುತ್ತಿದ್ದರಂತೆ. ಇವರ ಎಡಗಾಲಿನ ಮೀನಖಂಡ ಇವತ್ತಿಗೂ ಬಲಗಾಲಿಗಿಂತ ದಪ್ಪ. ಅಷ್ಟು ವರ್ಷ ಕ್ಲಚ್ ತುಳಿದದ್ದು. ಆ ಕಂಡಕ್ಟರು ತೀರಿಕೊಂಡ ಭಾಗ ಬಂದಾಗ ನಾವು ಓಡುತ್ತಿರಲಿಲ್ಲ, ನಡೆಯುತ್ತಿದ್ದೆವು. ಯಾವಾಗ ನಿಧಾನ ಆದೆವು ಅಂತ ಯಾರಿಗೂ ಗೊತ್ತಾಗಲಿಲ್ಲ. ಟ್ರೈನಿಂಗ್ ಲೆಕ್ಕದಲ್ಲಿ ಅವತ್ತು ಸೊನ್ನೆ. ಅಲ್ಲಿಂದ ಒಂದು ನಿಯಮ ಮಾಡಿಕೊಂಡೆವು. ಸಾವಿನ ಕಥೆಗಳು ರೇಸ್ ಮುಗಿದ ಮಾರನೇ ದಿನಕ್ಕೆ. ಅವತ್ತು ಹೇಗೂ ನಿಧಾನವೇ ಬೇಕು.

ರೈಟರು ಸಣ್ಣವರಿದ್ದಾಗ ಆಳುಗಳ ಹಾಜರಿ ಬರೆಯುವ ಚೆಕ್ ರೋಲ್ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಆಳುಗಳ ಲೈನ್ ಮನೆಗಳಿಂದ ಆಫೀಸಿಗೆ ಓಡುತ್ತಿದ್ದವರು. ಅವರ ಕಥೆಗಳೆಲ್ಲ ಸಮಪೇಸಿನವು, ಒಂದೇ ಲಯ. ಲಾಂಗ್ ರನ್‌ಗೆ ಅವರಷ್ಟು ಒಳ್ಳೆಯವರಿಲ್ಲ. ಕೊಯ್ಲಿನ ಕಾಲದಲ್ಲಿ ಮಾತ್ರ ಕೈಗೆ ಸಿಗಲ್ಲ.

ಈಗ ಮೇಷ್ಟ್ರ ವಿಷಯ. ಕಾಲೇಜಿನ ಕ್ರಾಸ್ ಕಂಟ್ರಿಯಲ್ಲಿ ಕೊನೆಯ ತಿರುವಿನಲ್ಲಿ ಅವರು ಮೊಣಕೈ ಹಾಕಿದರು ಅಂತ ನಾನು. ನಾನೇ ಸ್ಪೈಕ್ಸ್‌ನಲ್ಲಿ (ಮುಳ್ಳಿನ ಶೂ) ಅವರ ಕಾಲು ತುಳಿದೆ ಅಂತ ಅವರು. ಆಮೇಲೆ ಮೂವತ್ತೈದು ವರ್ಷ ಒಂದೇ ಊರಿನಲ್ಲಿದ್ದು, ಎಂ.ಜಿ. ರಸ್ತೆಯಲ್ಲಿ ಎದುರಾದರೆ ಅಂಗಡಿ ಬೋರ್ಡ್ ಓದುತ್ತಿದ್ದೆವು. ಅವರನ್ನು ಗುಂಪಿಗೆ ಕರೆದುಕೊಂಡು ಬಂದದ್ದು ಡ್ರೈವರಣ್ಣ, ನನ್ನನ್ನು ಕೇಳದೆ. ಮೇಷ್ಟ್ರ ಸರದಿ ಬಂದಾಗ ಅವರು ಸೀದಾ ಅದೇ ಕಥೆ ಎತ್ತಿಕೊಂಡರು, ಅದೂ ಏರಿನಲ್ಲಿ.

ಏರಿನಲ್ಲಿ ಮೂರು ಪದಕ್ಕಿಂತ ಜಾಸ್ತಿ ಹೇಳೋಕೆ ಆಗಲ್ಲ. ಕೂಗಾಡೋಕಂತೂ ಸಾಧ್ಯವೇ ಇಲ್ಲ. ಮುಖ ಮುಖ ನೋಡಬೇಕಾಗಿಯೂ ಇಲ್ಲ, ಇಬ್ಬರ ಕಣ್ಣೂ ರಸ್ತೆ ಮೇಲೆ. ಅವರು ಮೂರು ಪದ, ನಾನು ಮೂರು ಪದ. ಹಿಂದಿನಿಂದ ಡ್ರೈವರಣ್ಣ "ಪೇಸ್, ಪೇಸ್" ಅಂತ ಕೂಗುತ್ತಿದ್ದದ್ದು ಇಬ್ಬರಿಗೂ ಕೇಳಿಸಲಿಲ್ಲ. ಕಿಲೋಮೀಟರಿಗೆ ಏಳೂವರೆ ನಿಮಿಷದಲ್ಲಿ ಹೋಗಬೇಕಾದವರು ಆರಕ್ಕೆ ಬಂದಿದ್ದೆವು. ಮೇಲೆ ನಿಂತು ಮೊಣಕಾಲು ಹಿಡಿದು ಬಗ್ಗಿ ಉಸಿರು ಎಳೆದುಕೊಂಡ ಮೇಲೆ ಮೇಷ್ಟ್ರು ಬಾಟಲಿ ಮುಂದೆ ಹಿಡಿದರು. ಕುಡಿದೆ. ತಪ್ಪು ಯಾರದು ಅನ್ನೋದು ಇವತ್ತಿಗೂ ತೀರ್ಮಾನ ಆಗಿಲ್ಲ.

ತೀರ್ಮಾನ ಆಗದೇ ಇದ್ದದ್ದು ಒಳ್ಳೆಯದೇ ಆಯಿತು. ಟೆಂಪೊ ರನ್ ಬದಲು ಹದಿನೈದು ದಿನಕ್ಕೊಮ್ಮೆ ಈ ಜಗಳ ತೆಗೆಯುತ್ತೇವೆ. ಪ್ಲಾನ್ ನೋಡಿ ಟೆಂಪೊ ಮಾಡಿದಾಗಲೆಲ್ಲ ಹಿಡಿಯುತ್ತಿದ್ದ ಮೀನಖಂಡ ಜಗಳದಲ್ಲಿ ಒಂದು ಸಲವೂ ಹಿಡಿದಿಲ್ಲ. ಯಾಕೆ ಅಂತ ಫಿಸಿಯೋಗೂ ಹೇಳೋಕೆ ಆಗಲಿಲ್ಲ.

ಓಡುತ್ತಾ ಮಾತಾಡೋದು ಸೋಮಾರಿಗಳ ಕೆಲಸ ಅನ್ನುವವರಿಗೆ ಮೇಷ್ಟ್ರು ಚೆಕೊಸ್ಲೊವಾಕಿಯಾದ ಓಟಗಾರ ಎಮಿಲ್ ಝಟೋಪೆಕ್ ಹೆಸರು ಹೇಳಿ ಬಾಯಿ ಮುಚ್ಚಿಸುತ್ತಾರೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್, ಅವರ ಮೊದಲ ಮ್ಯಾರಥಾನ್. ಪಕ್ಕದಲ್ಲಿದ್ದ ಇಂಗ್ಲೆಂಡಿನ ಜಿಮ್ ಪೀಟರ್ಸ್ ಹತ್ತಿರ, ಪೇಸ್ ಸರಿಯಿದೆಯಾ ಅಂತ ವಿಚಾರಿಸಿದರು. ನಿಧಾನ ಆಯ್ತು ಅಂತ ಪೀಟರ್ಸ್ ಹೇಳಿದ್ದೇ ತಡ, ಝಟೋಪೆಕ್ ಮುಂದೆ ಹೋದರು. ಪೀಟರ್ಸ್ ಓಟ ಮುಗಿಸಲೇ ಇಲ್ಲ. ಅದೇ ಒಲಿಂಪಿಕ್ಸಿನ 10,000 ಮೀಟರ್ ಚಿನ್ನವನ್ನು ಝಟೋಪೆಕ್ 1966ರಲ್ಲಿ ಆಸ್ಟ್ರೇಲಿಯಾದ ಓಟಗಾರ ರಾನ್ ಕ್ಲಾರ್ಕ್‌ಗೆ ಕೊಟ್ಟು ಕಳಿಸಿದರು, ಒಲಿಂಪಿಕ್ ಚಿನ್ನ ಸಿಗದ ಗೆಳೆಯನಿಗೆ. ಇದನ್ನು ಕೇಳಿ ಡ್ರೈವರಣ್ಣ, "ಮೆಡಲ್ ಇಟ್ಕೊಳ್ಳಿ ಮೇಷ್ಟ್ರೇ, ಡೀಸೆಲ್ ದುಡ್ಡು ಕೊಡಿ" ಅಂದರು. ಮೀಟ್‌ಗಳಿಗೆ ಅವರ ಹಳೇ ಕಾರಿನಲ್ಲೇ ಹೋಗೋದು.

ನಿಧಾನ ಓಟದ ಬಗ್ಗೆ ಅನುಮಾನ ಇದ್ದವರಿಗೆ ಕೆನಡಾದ ಎಡ್ ವಿಟ್ಲಾಕ್ ಸಾಕು. 2004ರಲ್ಲಿ, 73ನೇ ವಯಸ್ಸಿನಲ್ಲಿ, 2 ಗಂಟೆ 54 ನಿಮಿಷದಲ್ಲಿ ಮ್ಯಾರಥಾನ್. ಅಭ್ಯಾಸ ಮನೆ ಹತ್ತಿರದ ಸ್ಮಶಾನದಲ್ಲಿ, ಗಂಟೆಗಟ್ಟಲೆ ನಿಧಾನ ಸುತ್ತು. ಅವರು ಒಬ್ಬರೇ ಓಡುತ್ತಿದ್ದರು. ಅಲ್ಲಿ ಮಾತಿಗೆ ಯಾರು ಸಿಗುತ್ತಾರೆ ಪಾಪ.

ನಡುವೆ ಬೇರೆ ಪ್ರಯೋಗಗಳೂ ಆದವು. ಓಟದ ಮಧ್ಯೆ ಶಕ್ತಿಗೆ ಅಂತ ನುಂಗುವ ಜೆಲ್ ಒಂದಕ್ಕೆ ನೂರಕ್ಕೂ ಮೇಲೆ ಅಂತ ರೈಟರು ರಾಗಿ ಅಂಬಲಿಗೆ ಬೆಲ್ಲ, ಉಪ್ಪು ಹಾಕಿ ಬಾಟಲಿಗೆ ತುಂಬಿ ತಂದರು. ಹೊಟ್ಟೆಗೆ ಚೆನ್ನಾಗಿ ಹಿಡಿಯಿತು, ಆದರೆ ಗಂಟೆಯಾದ ಮೇಲೆ ಬಾಟಲಿಯೊಳಗೆ ಗಟ್ಟಿ. ತೆಳ್ಳಗೆ ಮಾಡಿದರೆ ಆಗುತ್ತದೆ, ಎಷ್ಟು ತೆಳ್ಳಗೆ ಅನ್ನೋದು ರೈಟರ ಮನೆಯವರಿಗೇ ಗೊತ್ತು. ಹುರುಳಿಕಟ್ಟು ರೇಸ್ ಹಿಂದಿನ ರಾತ್ರಿ ಬೇಡವೇ ಬೇಡ. ಬರಿಗಾಲಿನ ಪ್ರಯೋಗ ನನ್ನದು. ಶಿವನಾಥ್ ಸಿಂಗ್ ಬರಿಗಾಲಲ್ಲಿ ಓಡಿ ಹೆಸರು ಮಾಡಿದವರು. 1978ರಲ್ಲಿ ಜಲಂಧರ್‌ನಲ್ಲಿ ಮಾಡಿದ 2 ಗಂಟೆ 12 ನಿಮಿಷದ ಮ್ಯಾರಥಾನ್ ದಾಖಲೆಯನ್ನು ನಲವತ್ತು ವರ್ಷ ದಾಟಿದರೂ ನಮ್ಮವರು ಮುರಿದಿರಲಿಲ್ಲ. ಅವರ ಪಾದ ಬೇರೆ, ಬ್ಯಾಂಕ್ ಕೌಂಟರಿನ ಪಾದ ಬೇರೆ. ವಾರಕ್ಕೇ ಬಿಟ್ಟೆ.

ಜನವರಿಯಲ್ಲಿ ಮುಂಬೈಗೆ ಹೋಗಿ ಹಾಫ್ ಮ್ಯಾರಥಾನ್ ಓಡಿದೆವು. ಪೆಡ್ಡರ್ ರೋಡ್ ಏರು ಬಂತು ಅಂತ ಎಲ್ಲ ಹೆದರಿಸಿದ್ದರು. ನಾವು ಅದನ್ನು ದಾಟಿದ ಮೇಲೆ ಏರು ಯಾವಾಗ ಬರುತ್ತೆ ಅಂತ ಕೇಳಿದೆವು. ಟ್ರೈನು, ರೂಮು, ಎಂಟ್ರಿ ಎಲ್ಲ ಸೇರಿ ತಲೆಗೆ ಏಳು ಸಾವಿರ ಆಗಿರಬಹುದು. ಮನೆಯಲ್ಲಿ ಐದು ಅಂತ ಹೇಳಿದ್ದೇನೆ.

47ರ ಆ ಓಟದಲ್ಲಿ ಕೊನೆಯ ಐದು ಸುತ್ತಿಗೆ ಮೇಷ್ಟ್ರು ನನ್ನ ಪಕ್ಕ ಬಂದು ಒಂದು ಮಾತು ಹೇಳಿದರು. ಏನು ಅಂತ ಇಲ್ಲಿ ಬರೆಯಲ್ಲ. ನಮ್ಮ ವಯಸ್ಸಿನ ಗುಂಪಿನಲ್ಲಿ ಹಾಸನದವರೂ ಓಡುತ್ತಾರೆ, ಅವರೂ ಇದನ್ನು ಓದಬಹುದು. ರೇಸ್‌ಗೆ ಮುಂಚಿನ ಹತ್ತು ದಿನ ಯಾವ ಕಥೆ ಹೇಳುತ್ತೇವೆ ಅನ್ನೋದನ್ನೂ ಕೇಳಬೇಡಿ.

ಈಗಿನ ಖರ್ಚು ವರ್ಷಕ್ಕೆ ಎರಡು ಜೊತೆ ಸಾದಾ ಶೂ, ನಾಲ್ಕೈದು ಸಾವಿರದೊಳಗಿನವು. ಓಟ ಮುಗಿದ ಮೇಲೆ ಕಾಫಿ, ಕಥೆ ಹೇಳಿದವರು ದುಡ್ಡು ಕೊಡುವ ಹಾಗಿಲ್ಲ. ಇತ್ತೀಚೆಗೆ ಐದನೆಯವನೊಬ್ಬ ಸೇರಿಕೊಂಡಿದ್ದಾನೆ. 36 ವರ್ಷ, ಮಾಸ್ಟರ್ಸ್‌ಗೆ, ಅಂದರೆ ಮೂವತ್ತೈದು ದಾಟಿದವರ ವಿಭಾಗಕ್ಕೆ, ಈಗಷ್ಟೇ ಕಾಲಿಟ್ಟವನು. ಮೊದಲ ಸರದಿಯಲ್ಲಿ ಅವನ ಕಥೆ ಎರಡು ಕಿಲೋಮೀಟರಿಗೇ ಮುಗಿದುಹೋಯಿತು. ಸದ್ಯಕ್ಕೆ ಅವನಿಗೆ ಬಾಟಲಿ ಹೊರುವ ಕೆಲಸ. ಮೇಷ್ಟ್ರು ಅವನ ಜೊತೆ ಜಗಳ ತೆಗೆಯೋಕೆ ಕಾರಣ ಹುಡುಕುತ್ತಿದ್ದಾರೆ.