ಕೊರಳು ನೋಡಿ ಸರ ಹಾಕಿ: ಕೈಯಲ್ಲಿ ಮಾಡಿದ ಆಭರಣ ತೊಡುವ ಬಗೆ

ಮದುವೆ ಸೀಸನ್ ಬಂತೆಂದರೆ ಶಿರಸಿ, ಕುಮಟಾ, ಕಾರವಾರದ ಯಾವ ಕಲ್ಯಾಣಮಂಟಪಕ್ಕೆ ಹೋದರೂ ಇದನ್ನು ನೋಡಬಹುದು. ಚೆಂದದ ಇಳಕಲ್ ಸೀರೆ, ಅದರ ಮೇಲೆ ಅಷ್ಟೇ ಚೆಂದದ ಟೆರಾಕೋಟಾ, ಅಂದರೆ ಸುಟ್ಟ ಮಣ್ಣಿನ ಸರ. ಆದರೆ ಪದಕ ಸೆರಗಿನ ನೆರಿಗೆಯೊಳಗೆ ಅರ್ಧ ಹೂತುಹೋಗಿರುತ್ತದೆ. ಇಲ್ಲವೇ ಬ್ಲೌಸಿನ ಅಂಚಿನ ಮೇಲೇ ಬಂದು ಕೂತಿರುತ್ತದೆ. ಆಗ ಅಂಚೂ ಕಾಣುವುದಿಲ್ಲ, ಪದಕವೂ ಎದ್ದು ಕಾಣುವುದಿಲ್ಲ. ಜೊತೆಗೆ ದೊಡ್ಡ ಝುಮಕಿ, ಕೈತುಂಬ ಬಳೆ, ಬೆರಳಿಗೊಂದು ಅಗಲ ಉಂಗುರ. ಎಲ್ಲವೂ ಒಂದೇ ಡಬ್ಬಿಯ ಸೆಟ್. ದುಡ್ಡು ಖರ್ಚಾಗಿದೆ, ಕನ್ನಡಿ ಮುಂದೆ ಹೊತ್ತೂ ಹೋಗಿದೆ, ಆದರೂ ನೋಡುವವರ ಕಣ್ಣು ಎಲ್ಲೂ ನಿಲ್ಲುವುದಿಲ್ಲ.

ಬಹಳ ಸಲ ಎಡವಟ್ಟಾಗುವುದು ಒಂದೇ ಕಡೆ. ಬ್ಲೌಸಿನ ಕೊರಳಿಗೂ ಸರದ ಉದ್ದಕ್ಕೂ ತಾಳೆ ಇರುವುದಿಲ್ಲ. ಅದೊಂದನ್ನು ಸರಿಮಾಡಿಕೊಂಡರೆ ಉಳಿದದ್ದೆಲ್ಲ ಸಲೀಸು. ಹಾಗಾಗಿ ಆ ಹಂತಕ್ಕೇ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

1. ಮುಖ್ಯ ಒಡವೆ ಯಾವುದೆಂದು ಮೊದಲೇ ತೀರ್ಮಾನಿಸಿ

ಸರವೋ, ಓಲೆಯೋ, ಬಳೆಯೋ, ಯಾವುದಾದರೂ ಒಂದು. ಎರಡು ಬೇಡ. ಉಳಿದವೆಲ್ಲ ಅದಕ್ಕೆ ಜೊತೆ ಕೊಡಬೇಕು, ಅಷ್ಟೇ.

ಇದಕ್ಕೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಒಳ್ಳೆಯ ಉದಾಹರಣೆ ಇದೆ. ಕಾಡಿನ ಗಿಡ ಬೆಳೆಸಿ ಹೆಸರಾದ ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಿದ ಫೋಟೊ ನೆನಪು ಮಾಡಿಕೊಳ್ಳಿ. ಹಾಲಕ್ಕಿ ಒಕ್ಕಲಿಗ ಹೆಂಗಸರು ಉಡುವಂತೆ ಉಟ್ಟ ಸೀರೆ, ಬರಿಗಾಲು, ಕೊರಳ ತುಂಬ ಮಣಿಸರ. ಕಣ್ಣು ಹೋಗುವುದೇ ಆ ಮಣಿಗಳ ಮೇಲೆ, ಅಲ್ಲಿಂದ ಮುಖಕ್ಕೆ. ಮಣಿಗಳ ಜೊತೆ ಜಗಳಕ್ಕೆ ಬರುವ ಇನ್ನೊಂದು ವಸ್ತು ಆ ಉಡುಗೆಯಲ್ಲಿ ಇಲ್ಲವೇ ಇಲ್ಲ. ಮೈಮೇಲೆ ಏನು ಎಷ್ಟಿರಬೇಕು ಅನ್ನುವುದನ್ನು ನಮ್ಮ ಹಾಲಕ್ಕಿ ಹೆಂಗಸರಷ್ಟು ಚೆನ್ನಾಗಿ ಬಲ್ಲವರು ಕಡಿಮೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಮಣಿಸರ ಒಂದು ಸಮುದಾಯದ ದಿನನಿತ್ಯದ ಉಡುಗೆ. ಅದನ್ನು ಕಾಲೇಜು ಡೇಗೆ ವೇಷದ ಹಾಗೆ ಪೂರ್ತಿ ಹೇರಿಕೊಂಡು ಬರಬೇಡಿ. ಇಷ್ಟವಾದರೆ ಪೋಣಿಸುವವರ ಕೈಯಿಂದಲೇ ಒಂದೆರಡು ಎಳೆ ಕೊಳ್ಳಿ, ಕೇಳಿದಷ್ಟು ದುಡ್ಡು ಕೊಡಿ, ಹತ್ತಿ ಸೀರೆಯ ಮೇಲೆ ಹಾಕಿ. ನೋಡಲೂ ಚೆನ್ನ, ಮನಸ್ಸಿಗೂ ಹಿತ.

ಬಟ್ಟೆಗೆ ತಕ್ಕ ಒಡವೆ ಆರಿಸುವುದು ಹೀಗೆ: ಬಟ್ಟೆಯಲ್ಲಿ ಕೆಲಸ ಜಾಸ್ತಿ ಇದ್ದರೆ ಒಡವೆಯಲ್ಲಿ ಕಡಿಮೆ ಇರಲಿ. ಕಸೂತಿ ಸೀರೆಗೆ ಸಾದಾ ಬೆಳ್ಳಿ ಸಾಕು. ಖಣದ ಬ್ಲೌಸಿಗೆ ಒಂದೇ ಬಣ್ಣದ ಮಣಿ. ಬಣ್ಣ ಬಣ್ಣದ ಚನ್ನಪಟ್ಟಣದ ಮರದ ಮಣಿಗೆ ಸಾದಾ ಹತ್ತಿ ಸೀರೆಯೋ ಕುರ್ತಾವೋ ಆಗಬೇಕು. ಸೀರೆಯ ಬಣ್ಣದ್ದೇ ಮಣಿ ಹುಡುಕುತ್ತ ಅಲೆಯಬೇಡಿ. ಅಂಚಿನಲ್ಲೋ ಸೆರಗಿನಲ್ಲೋ ಸಣ್ಣದಾಗಿ ಇರುವ ಬಣ್ಣವನ್ನು ಮಣಿಗೆ ತೆಗೆದುಕೊಳ್ಳಿ, ಆಗ ಎರಡೂ ಎದ್ದು ಕಾಣುತ್ತವೆ.

2. ಕೊಳ್ಳುವಾಗ ಮುಟ್ಟಿ ನೋಡಿ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆಗ ಪೇಟೆ ತುಂಬ ಸರ, ಬಳೆ, ಓಲೆಗಳ ಅಂಗಡಿ. ಎಲ್ಲದಕ್ಕೂ ಕೈಯಲ್ಲೇ ಮಾಡಿದ್ದು ಎಂಬ ಮಾತು ಕೇಳುತ್ತೀರಿ. ನಂಬುವ ಮೊದಲು ಮಣಿಯನ್ನು ಉಗುರಿನಿಂದ ಸವರಿ. ಪ್ಲಾಸ್ಟಿಕ್ ಮಣಿಯಲ್ಲಿ ಅಚ್ಚಿನ ಗೆರೆ ಉಗುರಿಗೆ ಸಿಗುತ್ತದೆ. ಗಾಜಿನ ಮಣಿ ಕೆನ್ನೆಗೆ ತಣ್ಣಗೆ ತಾಗುತ್ತದೆ, ಭಾರವೂ ಇರುತ್ತದೆ. ಚೆನ್ನಾಗಿ ಬೆಂದ ಟೆರಾಕೋಟಾವನ್ನು ಉಗುರಲ್ಲಿ ತಟ್ಟಿದರೆ ಟಿಣ್ ಅನ್ನುತ್ತದೆ. ಮಂದ ಸದ್ದು ಬಂದರೆ ಸರಿಯಾಗಿ ಬೆಂದಿಲ್ಲ ಎಂದೇ ಲೆಕ್ಕ, ಅಂಥದ್ದು ಬೆವರಿಗೇ ಮೆತ್ತಗಾಗುತ್ತದೆ. ಓಲೆಯ ಕೊಕ್ಕೆ ಬರೀ ಗಮ್ಮಿನಲ್ಲಿ ಅಂಟಿಸಿದ್ದಾದರೆ ಅಲ್ಲೇ ಬಿಟ್ಟು ಬನ್ನಿ. ಕರಾವಳಿಯ ಸೆಕೆಯಲ್ಲಿ ಆ ಗಮ್ಮು ಒಂದು ಮಳೆಗಾಲ ದಾಟುವುದು ಕಷ್ಟ.

ಜರ್ಮನ್ ಸಿಲ್ವರ್ ಹೆಸರು ಕೇಳಿ ಮೋಸ ಹೋಗಬೇಡಿ. ಅದು ತಾಮ್ರ, ನಿಕ್ಕೆಲ್, ಸತುವಿನ ಮಿಶ್ರಣ. ಬೆಳ್ಳಿ ಅದರಲ್ಲಿ ಒಂಚೂರೂ ಇಲ್ಲ. ಕೆಲವರಿಗೆ ನಿಕ್ಕೆಲ್ ತಾಗಿದಲ್ಲಿ ತುರಿಕೆ, ಗಂದೆ ಏಳುತ್ತದೆ, ಬೆವರಿದಾಗ ಇನ್ನೂ ಜಾಸ್ತಿ. ಅಂಥವರು 925 ಮುದ್ರೆ ಇರುವ ಬೆಳ್ಳಿ ಕೊಳ್ಳಿ. ನೂರರಲ್ಲಿ 92.5 ಭಾಗ ಬೆಳ್ಳಿ ಎಂದು ಅದರ ಅರ್ಥ. ಅಷ್ಟು ದುಡ್ಡಿಲ್ಲದಿದ್ದರೆ ದಾರ, ಮರ, ಗಾಜು ಇದ್ದೇ ಇದೆ.

ಇನ್ನು ಗುಲಗಂಜಿ ಸರ. ಕೆಂಪು ಕಪ್ಪು ಬಣ್ಣದ ಈ ಬೀಜ ನೋಡಲು ಎಷ್ಟು ಚೆಂದವೋ ಅಷ್ಟೇ ವಿಷ. ಗಟ್ಟಿ ಸಿಪ್ಪೆ ಇರುವ ತನಕ ವಿಷ ಒಳಗೇ ಇರುತ್ತದೆ. ಪೋಣಿಸಲು ತೂತು ಮಾಡಿದ ಮೇಲೆ ಆ ಕಾವಲು ಹೋಗುತ್ತದೆ. ಮಕ್ಕಳು ಏನು ಸಿಕ್ಕರೂ ಬಾಯಿಗೆ ಹಾಕುತ್ತಾರೆ, ಅಲ್ವಾ? ಮಕ್ಕಳಿರುವ ಮನೆಗೆ ಇದು ಬೇಡವೇ ಬೇಡ.

3. ಕೊರಳಿನ ಅಳತೆ, ಸರದ ಉದ್ದ

ಈ ಹಂತವನ್ನು ಮದುವೆಯ ದಿನ ಬೆಳಿಗ್ಗೆಗೆ ಇಟ್ಟುಕೊಳ್ಳಬೇಡಿ. ಎರಡು ದಿನ ಮೊದಲೇ ಮಾಡಿ.

ಹಾಕಬೇಕೆಂದಿರುವ ಬ್ಲೌಸನ್ನೇ ಹಾಕಿ ಕನ್ನಡಿ ಮುಂದೆ ನಿಲ್ಲಿ. ಒಂದು ಮಾರು ಉದ್ದದ ಸಣ್ಣ ಹುರಿ ತೆಗೆದುಕೊಳ್ಳಿ. ಅದರ ನಡುವಿಗೆ ನಿಮ್ಮ ಪದಕವನ್ನೋ ಅದೇ ಭಾರದ ಬೀಗದ ಕೈಯನ್ನೋ ಕಟ್ಟಿ. ಭಾರ ಇಲ್ಲದ ಹುರಿ ಮೈಮೇಲೆ ಸರಿಯಾಗಿ ಕೂರುವುದಿಲ್ಲ, ಅಳತೆ ತಪ್ಪುತ್ತದೆ. ಹುರಿಯನ್ನು ಕೊರಳಿಗೆ ಹಾಕಿ ಹಿಂದಿನಿಂದ ಮೆಲ್ಲಗೆ ಎಳೆಯುತ್ತ, ಬಿಡುತ್ತ ನೋಡಿ. ಪದಕದ ಕೆಳತುದಿಗೂ ಬ್ಲೌಸಿನ ಅಂಚಿಗೂ ಎರಡು ಬೆರಳು ಜಾಗ ಉಳಿದಾಗ ನಿಲ್ಲಿಸಿ. ಹಿಂದೆ ಎರಡು ಎಳೆ ಸೇರುವ ಕಡೆ ಪೆನ್ನಿನಿಂದ ಗುರುತು ಹಾಕಿ, ತೆಗೆದು ಟೇಪಿನಲ್ಲಿ ಅಳೆಯಿರಿ. ಆ ಹುರಿಯನ್ನು ಬಿಸಾಡಬೇಡಿ. ಕೊಳ್ಳಲು ಹೋಗುವಾಗ ಪರ್ಸಿನಲ್ಲಿ ಇಟ್ಟುಕೊಳ್ಳಿ. ಅಂಗಡಿಗೆ ಚೂಡಿದಾರ ಹಾಕಿಕೊಂಡು ಹೋಗಿ, ಸೀರೆಗೆ ಬೇಕಾದ ಸರವನ್ನು ಅದರ ಮೇಲೆ ಹಿಡಿದು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹುರಿಯ ಪಕ್ಕ ಸರ ಹಿಡಿದರೆ ಸಾಕು.

ಎರಡು ಬೆರಳಿನ ಲೆಕ್ಕ ಆಳ ಕೊರಳಿನ ಬ್ಲೌಸಿಗೆ. ಸಾಮಾನ್ಯ ಮೈಕಟ್ಟಿನವರಿಗೆ ಇದು 16ರಿಂದ 18 ಇಂಚು ಬರುತ್ತದೆ. ಬೇರೆ ಕೊರಳಿಗೆ ಲೆಕ್ಕ ಬೇರೆ. ಕೊರಳು ಮೇಲಕ್ಕಿರುವ ದುಂಡು ಬ್ಲೌಸಾದರೆ ಒಂದೋ ಕೊರಳಿಗೆ ಅಂಟಿಕೊಂಡಂತಿರುವ 14 ಇಂಚಿನದ್ದು, ಇಲ್ಲವೇ 24 ಇಂಚು ದಾಟಿದ್ದು. ನಡುವಿನ ಉದ್ದ ತಂದರೆ ಪದಕ ಅಂಚಿನ ಮೇಲೇ ಕೂರುತ್ತದೆ. ಚೌಕ ಕೊರಳಿಗೆ ಅಗಲವಾದ ಗಿಡ್ಡ ಸರ. ವಿ ಕೊರಳಿಗೆ ತುದಿ ಚೂಪಾದ ಪದಕ. ದುಂಡು ಪದಕ ಹಾಕಿದರೆ ಕೊರಳಿನ ಗೆರೆ ಕಡಿದುಹೋಗುತ್ತದೆ. ಬೋಟ್ ನೆಕ್ಕಿಗೆ ಕೊರಳಲ್ಲಿ ಏನೂ ಬೇಡ, ದೊಡ್ಡ ಓಲೆ ಹಾಕಿ. ಕಾಲರ್ ಇರುವ ಕುರ್ತಾಕ್ಕೆ 28ರಿಂದ 30 ಇಂಚಿನ ಮಣಿಸರ ಬಟ್ಟೆಯ ಮೇಲೇ ಇಳಿಯಲಿ.

ಈಗ ಸೆರಗಿನ ತಾಪತ್ರಯ. ನೆರಿಗೆ ಮಾಡಿ ಪಿನ್ನು ಹಾಕಿದ ಸೆರಗು ಎದೆಯ ಎಡಭಾಗವನ್ನು ಪೂರ್ತಿ ಮುಚ್ಚುತ್ತದೆ. ನೆರಿಗೆ ಆರೇಳು ಬೆರಳು ಅಗಲವಾದರೆ ಸೆರಗಿನಂಚು ನಡುವಿಗೇ ಬರುತ್ತದೆ, ಪದಕ ಅದರಡಿ ಸಿಕ್ಕಿಕೊಳ್ಳುತ್ತದೆ. ಭುಜದ ಮೇಲೆ ನೆರಿಗೆ ನಾಲ್ಕು ಬೆರಳು ದಾಟದಂತೆ ನೋಡಿಕೊಳ್ಳಿ. ಉದ್ದ ಸರವಾದರೆ ಸೆರಗಿಗೆ ಪಿನ್ನು ಹಾಕಿಯಾದ ಮೇಲೆ ಸೆರಗಿನ ಮೇಲಿಂದಲೇ ಹಾಕಿ. ಅರ್ಧ ಒಳಗೆ ಅರ್ಧ ಹೊರಗೆ ಇರುವ ಸರದಷ್ಟು ಅಂದಗೆಡಿಸುವ ವಸ್ತು ಇನ್ನೊಂದಿಲ್ಲ. ಸೆರಗು ಬಿಟ್ಟು ಉಡುವವರಿಗೆ ಗಿಡ್ಡ ಸರವೇ ಸರಿ.

ಮದುವೆಯಾದವರಿಗೆ ಕರಿಮಣಿ ಇರುತ್ತದೆ. ಬಹಳ ಜನ ಅದನ್ನು ಬ್ಲೌಸಿನೊಳಗೆ ತುರುಕಿ, ಮೇಲೆ ಅದೇ ಉದ್ದದ ಇನ್ನೊಂದು ಸರ ಹಾಕುತ್ತಾರೆ. ಗಳಿಗೆಗೊಮ್ಮೆ ಅದು ಹೊರಗೆ ಬರುತ್ತದೆ, ಎರಡೂ ತೊಡರಿಕೊಳ್ಳುತ್ತವೆ. ನನ್ನ ಮಾತು ಕೇಳಿ, ಕರಿಮಣಿಯನ್ನೇ ಉದ್ದದ ಸರ ಎಂದು ಲೆಕ್ಕ ಹಿಡಿಯಿರಿ. ಅದಕ್ಕಿಂತ ನಾಲ್ಕು ಬೆರಳಾದರೂ ಮೇಲೆ ನಿಲ್ಲುವ ಗಿಡ್ಡ ಸರ ಆರಿಸಿ. ಕರಿಮಣಿಯ ಕಪ್ಪಿಗೆ ಮಣ್ಣಿನ ಕೆಂಪು, ಹವಳದ ಕೆಂಪು, ಬೆಳ್ಳಿ ಮೂರೂ ಒಪ್ಪುತ್ತವೆ. ಒಂದಕ್ಕಿಂತ ಹೆಚ್ಚು ಸರ ಹಾಕುವ ಆಸೆ ಇದ್ದರೂ ಇದೇ ಲೆಕ್ಕ. ಒಂದರಿಂದ ಒಂದಕ್ಕೆ ಕನಿಷ್ಠ ಎರಡು ಇಂಚು ಅಂತರ, ಒಂದು ಮಣಿಯದ್ದಾದರೆ ಇನ್ನೊಂದು ಲೋಹದ್ದು. ಎರಡು ಸಣ್ಣ ಚೈನು ಜೊತೆಗೆ ಹಾಕಿದರೆ ಊಟದ ಹೊತ್ತಿಗೆ ಹೆಣೆದುಕೊಂಡಿರುತ್ತವೆ.

ಉದ್ದ ಹೊಂದಿಸುವುದು ಹೇಗೆ? ಕೈಯಲ್ಲಿ ಮಾಡಿದ ಸರಗಳಿಗೆ ಹಿಂದೆ ದಾರ, ತುದಿಯಲ್ಲಿ ಗೊಂಡೆ ಇರುತ್ತದೆ. ಆ ದಾರವನ್ನು ಹೂವಿನ ಗಂಟು ಹಾಕಿ ಕಟ್ಟಬೇಡಿ. ಗಂಟು ದಪ್ಪಗಾಗಿ ಕೊರಳ ಪಕ್ಕಕ್ಕೆ ಜಾರುತ್ತದೆ. ಎರಡು ದಾರವನ್ನೂ ಒಂದೇ ಜಾರುಮಣಿಯೊಳಗೆ ತೂರಿಸಿ. ಮಣಿ ಮೇಲೆ ಸರಿಸಿದರೆ ಸರ ಗಿಡ್ಡ, ಕೆಳಗೆ ಸರಿಸಿದರೆ ಉದ್ದ. ಬೇಕಾದ ಅಳತೆಗೆ ಬಂದ ಮೇಲೆ ಮಣಿಯ ಕೆಳಗೆ ಒಂದು ಸಣ್ಣ ಗಂಟು. ಭಾರದ ಪದಕವಾದರೆ ಗೊಂಡೆಯೂ ಸ್ವಲ್ಪ ಭಾರದ್ದೇ ಇರಲಿ, ಇಲ್ಲದಿದ್ದರೆ ಹಿಂದಿನ ದಾರ ಮೇಲೇರಿ ಕೂದಲಿಗೆ ಸಿಕ್ಕಿಕೊಳ್ಳುತ್ತದೆ. ಸೇಫ್ಟಿ ಪಿನ್ನಿನಿಂದ ದಾರ ಸುರುಳಿ ಸುತ್ತುವುದು, ರಬ್ಬರ್ ಬ್ಯಾಂಡ್ ಹಾಕುವುದು ಇವೆಲ್ಲ ಬೇಡ. ಪಿನ್ನು ದಾರದ ಎಳೆ ಕಡಿಯುತ್ತದೆ, ಪಂಕ್ತಿಯ ನಡುವೆ ಮಣಿ ಉರುಳುತ್ತವೆ. ಲೋಹದ ಸರಕ್ಕೆ ಎರಡು ಇಂಚಿನ ಹಿಂದಿನ ಚೈನು ಸಿಗುತ್ತದೆ, ಸಣ್ಣ ಇಕ್ಕಳ ಇದ್ದರೆ ಮನೆಯಲ್ಲೇ ಹಾಕಿಕೊಳ್ಳಬಹುದು.

ಕೊನೆಗೆ ಒಮ್ಮೆ ಬಗ್ಗಿ ನೋಡಿ. ಹಿರಿಯರ ಕಾಲಿಗೆ ಬೀಳುವಾಗ, ಊಟಕ್ಕೆ ಬಡಿಸುವಾಗ ಎಷ್ಟು ಬಗ್ಗುತ್ತೀರೋ ಅಷ್ಟು. ಸರ ಮುಂದಕ್ಕೆ ತೂಗಿ ಸಾಂಬಾರಿನ ಬಕೆಟ್ಟಿಗೆ ಇಳಿಯುವಂತಿದ್ದರೆ ಎಡಭುಜದ ಪಿನ್ನಿಗೆ ಸರದ ಒಂದು ಬದಿಯನ್ನು ಸಣ್ಣ ದಾರದಿಂದ ಕಟ್ಟಿ. ಮೇಲಿಂದ ಕಾಣುವುದಿಲ್ಲ, ಸರ ಅಲ್ಲಾಡುವುದೂ ಇಲ್ಲ.

4. ಕಿವಿ, ಕೈ, ಮುಡಿ

ಕೊರಳಲ್ಲಿ ದೊಡ್ಡದಿದ್ದರೆ ಕಿವಿಗೆ ಚಿಕ್ಕ ಓಲೆ. ಕೊರಳು ಬರಿದಾಗಿದ್ದರೆ ಝುಮಕಿ. ಕೈಗೆ ಗಾಜಿನ ಬಳೆಯಷ್ಟು ಚೆಂದ ಯಾವುದೂ ಇಲ್ಲ. ಹಸಿರು ಬಳೆ ಎಲ್ಲ ಸೀರೆಗೂ ನಡೆಯುತ್ತದೆ. ಮುಡಿಗೆ ನಮ್ಮ ಕರಾವಳಿಯಲ್ಲಿ ಹೂವಿನ ಬರ ಇಲ್ಲ. ಭಟ್ಕಳ ಮಲ್ಲಿಗೆ, ಅಬ್ಬಲಿಗೆ, ಬೇಸಿಗೆಯ ಮೊದಲಲ್ಲಿ ಸುರಗಿ. ಸುರಗಿ ಒಣಗಿದರೂ ಪರಿಮಳ ಬಿಡುವುದಿಲ್ಲ. ಇಷ್ಟೆಲ್ಲ ಇರುವಾಗ ಪ್ಲಾಸ್ಟಿಕ್ ಮಲ್ಲಿಗೆ ಯಾಕೆ ಮುಡಿಯಬೇಕು? ಹೂವು ಮುಡಿದ ದಿನ ಕೂದಲಿಗೆ ಬೇರೆ ಬಿಲ್ಲೆ, ಕ್ಲಿಪ್ಪು ಏನೂ ಬೇಡ.

ಚೀಲದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಕೈಮಗ್ಗದ ಸೀರೆ ಉಟ್ಟು ಕೈಯಲ್ಲಿ ಹೊಳೆಯುವ ರೆಕ್ಸಿನ್ ಪರ್ಸು ಹಿಡಿದರೆ ಅರ್ಧ ಅಂದ ಅಲ್ಲೇ ಹೋಯಿತು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡು ಜೋಡಿಸಿ ಕವದಿ ಹೊಲಿಯುತ್ತಾರೆ. ಆ ಬಗೆಯ ಹೊಲಿಗೆಯ ಕೈಚೀಲ ಸಿಕ್ಕರೆ ಬಿಡಬೇಡಿ. ಬಣ್ಣ ತುಂಬಿದ ಅಂಥ ಚೀಲ ಹಿಡಿದ ದಿನ ಒಡವೆ ಇನ್ನೂ ಕಡಿಮೆ ಮಾಡಿ.

5. ಸೆಕೆಗೆ ತಯಾರಿ

ಏಪ್ರಿಲ್, ಮೇ ತಿಂಗಳಲ್ಲಿ ಕಾರವಾರದ ಸೆಕೆ ಗೊತ್ತಿರುವುದೇ. ಪೌಡರು, ಸೆಂಟು, ಹೇರ್ ಸ್ಪ್ರೇ ಎಲ್ಲ ಮುಗಿದು ಒಣಗಿದ ಮೇಲೇ ಒಡವೆ ಹಾಕಿ. ಸೆಂಟು ಬಿದ್ದರೆ ಮಣಿಯ ಬಣ್ಣ, ಲೋಹದ ಮೇಲಿನ ಲೇಪ ಎರಡೂ ಹಾಳು. ತುರಿಕೆ ಬರಿಸುವ ಓಲೆಯ ಕಡ್ಡಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚುವ ಉಪಾಯ ಎಲ್ಲರಿಗೂ ಗೊತ್ತು. ಅದು ಒಂದು ಸಂಜೆಗೆ ಸಾಕಾಗಬಹುದು, ಆಮೇಲೆ ಉದುರುತ್ತದೆ. ಕಿವಿ ಹಣ್ಣಾಗುವ ಅಭ್ಯಾಸ ಇರುವವರು ಅದನ್ನು ನೆಚ್ಚಬೇಡಿ. ಕಡಲ ದಂಡೆಗೆ ಫೋಟೊ ತೆಗೆಸಲು ಹೋಗುವವರು ಬೆಳ್ಳಿ ಬಿಟ್ಟು ಗಾಜೋ ಮರವೋ ಹಾಕಿ.

6. ಮನೆಗೆ ಬಂದ ಮೇಲೆ

ಎಲ್ಲವನ್ನೂ ಒಣಗಿದ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಒಂದು ಗಂಟೆ ಬಿಡಿ. ಟೆರಾಕೋಟಾ ತೊಳೆಯಬೇಡಿ. ಚನ್ನಪಟ್ಟಣದ ಮಣಿಗೆ ಹಚ್ಚಿರುವುದು ಅರಗು, ಬಿಸಿಗೆ ಕೆಡುತ್ತದೆ. ಅದನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋಗಬೇಡಿ.

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶದಿಂದ, ತೇವ ಇದ್ದರೆ ಬೇಗ. ಸಾದಾ ಬೆಳ್ಳಿಯನ್ನು ಅಂಟುವಾಳದ ನೀರಲ್ಲಿ ತೊಳೆದರೆ ಸಾಕು. ಆದರೆ ಆಕ್ಸಿಡೈಸ್ಡ್ ಬೆಳ್ಳಿಯ ಕಪ್ಪು ಬೇಕೆಂದೇ ತಂದ ಕಪ್ಪು. ಅದನ್ನು ಕೊಳೆ ಎಂದುಕೊಂಡು ಟೂತ್‌ಪೇಸ್ಟ್, ಹುಣಸೆಹಣ್ಣು ಹಾಕಿ ಉಜ್ಜುವವರಿದ್ದಾರೆ. ಕಪ್ಪು ಹೋದರೆ ಕೆತ್ತನೆಯ ಆಳವೇ ಕಾಣುವುದಿಲ್ಲ. ಒಣ ಬಟ್ಟೆಯಲ್ಲಿ ಒರೆಸಿ, ಗಾಳಿಯಾಡದ ಸಣ್ಣ ಕವರಿನಲ್ಲಿ ಬೇರೆ ಬೇರೆಯಾಗಿ ಇಡಿ. ಮಳೆಗಾಲದಲ್ಲಿ ಡಬ್ಬಿಯೊಳಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುತ್ತವಲ್ಲ, ಅವೇ ಆಗುತ್ತವೆ. ದಾರದ ಸರಗಳನ್ನು ಮಡಚಬೇಡಿ, ಕಪಾಟಿನೊಳಗೆ ಮೊಳೆಗೆ ತೂಗುಹಾಕಿ. ವರ್ಷಕ್ಕೊಮ್ಮೆ ದಾರ ಎಳೆದು ನೋಡಿ, ಎಳೆ ಬಿಟ್ಟಿದ್ದರೆ ಮುಂದಿನ ಮದುವೆಗೆ ಮೊದಲೇ ಹೊಸ ದಾರಕ್ಕೆ ಪೋಣಿಸಿಕೊಳ್ಳಿ.