ಕೊಲಂಬಿಯಾದ ಎಂಜಿನಿಯರ್-ಇತಿಹಾಸಕಾರನ ಜೀವನ ಬರೆಯುವವರಿಗೆ

ಮೊದಲು ಹೆಸರು ಬಗೆಹರಿಸಿಕೊಳ್ಳಿ. ಕೊಲಂಬಿಯಾದಲ್ಲಿ ಸಾಂಪ್ರದಾಯಿಕವಾಗಿ ಸ್ವಂತ ಹೆಸರಿನ ನಂತರ ತಂದೆಯ ಮನೆತನ, ಆಮೇಲೆ ತಾಯಿಯದು ಬರುತ್ತದೆ. ತುಲಿಯೊ ಒಸ್ಪಿನಾ ವಾಸ್ಕೆಸ್ (1857–1921) ಅವರನ್ನೇ ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಗಣಿ ಎಂಜಿನಿಯರಿಂಗ್ ಓದಿ ಬಂದವರು, ಮೆಡೆಯಿನ್‌ನ ಗಣಿ ಶಾಲೆಯ ಮುಖ್ಯಸ್ಥರು, ಇತಿಹಾಸಕಾರರು. ಅಕಾರಾದಿಯಲ್ಲಿ ಇವರು 'ಒಸ್ಪಿನಾ' ಅಡಿಯಲ್ಲಿರುತ್ತಾರೆ. 'ವಾಸ್ಕೆಸ್' ಅಂತ ಹುಡುಕಿದರೆ ಸಿಗುವುದಿಲ್ಲ.

ಎಡವುವುದು ಇಲ್ಲೇ. ತುಲಿಯೊ ಅವರ ತಮ್ಮ ಪೆದ್ರೊ ನೆಲ್ ಒಸ್ಪಿನಾ ಕೂಡ ಎಂಜಿನಿಯರ್. ಆಂತಿಯೋಕಿಯಾ ಪ್ರಾಂತದ ಗವರ್ನರ್ ಆಗಿ, ಆಮೇಲೆ 1922ರಿಂದ 1926ರವರೆಗೆ ದೇಶದ ಅಧ್ಯಕ್ಷರಾದವರು. ಅವರ ಹೆಂಡತಿಯ ಮನೆತನವೂ ವಾಸ್ಕೆಸ್. ಹಾಗಾಗಿ ಮಗ ಲೂಯಿಸ್‌ನ ಹೆಸರಲ್ಲೂ 'ಒಸ್ಪಿನಾ ವಾಸ್ಕೆಸ್' ಎಂದೇ ಇದೆ, ಮೇಲಾಗಿ ಆತನೂ ಇತಿಹಾಸಕಾರ! 1955ರಲ್ಲಿ ಬಂದ, ಕೈಗಾರಿಕೆ ಮತ್ತು ಸುಂಕನೀತಿಯ ಪುಸ್ತಕ ಲೂಯಿಸ್‌ನದು. ಅದನ್ನು ದೊಡ್ಡಪ್ಪನ ಖಾತೆಗೆ ಹಾಕಬೇಡಿ. ಬರಿ ಮನೆತನದ ಹೆಸರು ಕಂಡಲ್ಲೆಲ್ಲ ತಾಯಿ ಯಾರು, ಇಸವಿ ಯಾವುದು ಎಂದು ನೋಡಿಯೇ ಮುಂದೆ ಹೋಗಿ.

ಜನ್ಮದಿನಕ್ಕೆ ಚರ್ಚಿನ ದೀಕ್ಷಾಸ್ನಾನದ ದಾಖಲೆ ನೋಡಬೇಕು. 1938ಕ್ಕೆ ಮೊದಲು ಹುಟ್ಟಿದವರಿಗೆ ಸಾಮಾನ್ಯವಾಗಿ ಅದೇ ಆಧಾರ. ದಾಖಲೆಯ ತಲೆಯಲ್ಲಿರುವುದು ದೀಕ್ಷೆಯ ತಾರೀಖು. ಮಗು ಎಷ್ಟು ದಿನದ್ದು ಎಂದು ಒಳಗೆ ಬರೆದಿದ್ದರೆ ಲೆಕ್ಕ ಹಾಕಿ ಹಿಂದಕ್ಕೆ ಹೋಗಿ.

ಊರಿನ ಪಕ್ಕ ಆ ಕಾಲದ ಪ್ರಾಂತವನ್ನೇ ಬರೆಯಿರಿ. ಮನಿಸಾಲೆಸ್ ಈಗ ಕಾಲ್ದಾಸ್‌ನ ರಾಜಧಾನಿ, ಆದರೆ ಕಾಲ್ದಾಸ್ ಪ್ರಾಂತ ಹುಟ್ಟಿದ್ದೇ 1905ರಲ್ಲಿ; ಅಲ್ಲಿ 1880ರಲ್ಲಿ ಹುಟ್ಟಿದವರು ಆಂತಿಯೋಕಿಯಾದವರು.

ಹುದ್ದೆಯ ವಿಷಯದಲ್ಲಿ 'ಚುನಾಯಿತ ಗವರ್ನರ್' ಎಂಬ ಮಾತು ಕೈಯಲ್ಲಿ ತಾನಾಗಿ ಬಂದುಬಿಡುತ್ತದೆ. 1886ರ ಸಂವಿಧಾನದ ಅಡಿಯಲ್ಲಿ ಗವರ್ನರ್‌ನನ್ನು ನೇಮಿಸುತ್ತಿದ್ದವರು ದೇಶದ ಅಧ್ಯಕ್ಷರು. ಜನ ಮತ ಹಾಕಿ ಆರಿಸಿದ್ದು 1991ರಿಂದ ಈಚೆಗೆ. ನೇಮಕದ ಆದೇಶಕ್ಕೂ ಅಧಿಕಾರ ವಹಿಸಿಕೊಂಡ ದಿನಕ್ಕೂ ವಾರಗಳ ಅಂತರ ಇರಬಹುದು, ಎರಡನ್ನೂ ಗುರುತು ಹಾಕಿಕೊಳ್ಳಿ. ಹೆಸರಿನ ಹಿಂದೆ 'ಡಾಕ್ಟರ್' ಇದ್ದರೆ ಪಿಎಚ್‌ಡಿ ಎಂದು ಹಿಗ್ಗಬೇಡಿ. ಅಲ್ಲಿ ಅದು ಗೌರವದ ಮಾತೂ ಹೌದು.

ಎಂಜಿನಿಯರಿಂಗ್ ಕೆಲಸದಲ್ಲಿ ಯೋಚಿಸಿದವರು ಯಾರು, ಕಟ್ಟಿದವರು ಯಾರು ಎಂಬುದನ್ನು ಬಿಡಿಸಿ ಹೇಳಿ. ಆಂತಿಯೋಕಿಯಾ ರೈಲು ಮಾರ್ಗದ ಲಾ ಕಿಯೆಬ್ರಾ ಸುರಂಗದ ಬಗ್ಗೆ ಎಂಜಿನಿಯರ್ ಅಲೆಹಾಂದ್ರೊ ಲೋಪೆಸ್ 1899ರಲ್ಲಿ ಪ್ರಬಂಧ ಬರೆದರು. ಸುಮಾರು 3.7 ಕಿ.ಮೀ. ಉದ್ದದ ಸುರಂಗ ತೆರೆದದ್ದು 1929ರಲ್ಲಿ. ನಡುವಿನ ಮೂವತ್ತು ವರ್ಷವನ್ನು ನುಂಗಿ 'ಸುರಂಗ ಕಟ್ಟಿಸಿದರು' ಎಂದರೆ ತಪ್ಪು.

ಕೊನೆಯದು, ನೀವು ಯಾರ ಜೀವನ ಬರೆಯುತ್ತೀರೋ ಆತನೇ ಬರೆದ ಇತಿಹಾಸ. ತನ್ನ ಪಕ್ಷ, ತನ್ನ ಮನೆತನದ ಆಡಳಿತದ ಬಗ್ಗೆ ಆತ ಹೇಳಿದ್ದು ಅಭಿಪ್ರಾಯಕ್ಕೆ ಮಾತ್ರ ಸಾಕ್ಷಿ. ಘಟನೆಗೆ ಪ್ರಾಂತದ ಗೆಜೆಟ್, ಶಾಸನಸಭೆಯ ನಡಾವಳಿ, ಎದುರು ಪಕ್ಷದ ಪತ್ರಿಕೆ ಮೂರನ್ನೂ ತಾಳೆ ನೋಡಿ. ಇತಿಹಾಸ ಅಕಾಡೆಮಿಗಳ ಪತ್ರಿಕೆಯಲ್ಲಿ ಬರುವ ಶ್ರದ್ಧಾಂಜಲಿಯಿಂದ ತಾರೀಖು ತೆಗೆದುಕೊಳ್ಳಿ, ಹೊಗಳಿಕೆ ಅಲ್ಲೇ ಇರಲಿ.